ಲಿಂಬಿ ಬನದಲ್ಲಿ ನಡೆದ ವಾದ

ಲಿಂಬಿ ಬನದ ಶಾಂತಮಲ್ಲ ಅಜ್ಜನವರ ಮಠವೆಂದರೆ ಮಹಾದ್ವಾರ, ಕಳಸ, ಪಲ್ಲಕ್ಕಿ ಎಂದೆಲ್ಲ ಕಲ್ಪಿಸಿಕೊಂಡು ಬಂದವರಿಗೆ ಮೊದಲು ನಿರಾಶೆಯೇ ಆಗುತ್ತಿತ್ತು. ಇದ್ದದ್ದು ಎರಡು ಅಂಕಣದ ಮಣ್ಣಿನ ಮಾಳಿಗೆ. ಮುಂದೆ ಒಂದು ಬೇವಿನ ಮರ, ಅದರ ಸುತ್ತ ಕಟ್ಟೆ. ಹಿಂದೆ, ಬಾವಿಯ ನೀರು ಕುಡಿದು ಬದುಕಿಕೊಂಡಿದ್ದ ಲಿಂಬಿ ಗಿಡಗಳು. ಪೂಜ್ಯರನ್ನು ಗುರುತಿಸುವುದೂ ಸುಲಭವಿರಲಿಲ್ಲ. ಅವರ ಕಾವಿ ಒಗೆದು ಒಗೆದು ಮಣ್ಣಿನ ಬಣ್ಣಕ್ಕೆ ಬಂದಿತ್ತು. "ಅಜ್ಜಾರು ಎಲ್ಲಿ ಅದಾರ?" ಎಂದು ಅವರನ್ನೇ ಕೇಳಿದ ಭಕ್ತರು ಎಷ್ಟೋ ಮಂದಿ. ಆಗೆಲ್ಲ ಅವರು, "ಇಲ್ಲೇ ಎಲ್ಲ್ಯೋ ಅದಾನ. ಮೊದಲ ನೀರು ಕುಡೀರಿ," ಎನ್ನುತ್ತಿದ್ದರು.

ನಾನು ಆಗ ಪಕ್ಕದ ಊರಿನ ಸಾಲಿಯಲ್ಲಿ ಮಾಸ್ತರಣಿಯಾಗಿದ್ದೆ. ಸೂಟಿ ಸಿಕ್ಕಾಗ ಮಠಕ್ಕೆ ಹೋಗಿ ದಾಸೋಹದ ಅಡುಗೆಮನೆಯಲ್ಲಿ ಕೈಲಾದ ಸೇವೆ ಮಾಡುವುದು ನನ್ನ ರೂಢಿ. ಲಿಂಬಿ ಹಣ್ಣಾಗುವ ಕಾಲದಲ್ಲಂತೂ ವರ್ಷದ ಉಪ್ಪಿನಕಾಯಿಯ ಉಸ್ತುವಾರಿ ಪೂರ್ತಿ ನನ್ನದೇ. ಉಪ್ಪು ನಾನು ಹಾಕಬೇಕು, ಭರಣಿಯ ಬಾಯಿ ನಾನು ಕಟ್ಟಬೇಕು, ಬೇರೆ ಯಾರಾದರೂ ಮುಟ್ಟಿದರೆ ನನ್ನ ಬಾಯಿಗೆ ಸಿಗಬೇಕು. ಹಣ್ಣು ಹೆಚ್ಚುವ ಕೆಲಸ ಮಾತ್ರ ಅಜ್ಜನವರು ಬಿಟ್ಟುಕೊಡುತ್ತಿರಲಿಲ್ಲ. ಕಟ್ಟೆಯ ಮೇಲೆ ಈಳಿಗೆ ಇಟ್ಟುಕೊಂಡು, ಬಂದವರ ಸುಖದುಃಖ ಕೇಳುತ್ತ, ಬುಟ್ಟಿ ಬುಟ್ಟಿ ಲಿಂಬಿ ಹೆಚ್ಚುತ್ತಿದ್ದರು.

ಅಂಥ ಒಂದು ಆದಿತ್ಯವಾರ ಮಧ್ಯಾಹ್ನ, ಮೋಟಾರ್ ಸೈಕಲ್ಲಿನ ಮೇಲೆ ಒಬ್ಬ ಗೃಹಸ್ಥರು ಬಂದಿಳಿದರು. ಬಿಸಿಲು ನೆತ್ತಿ ಸುಡುತ್ತಿತ್ತು, ಇವರ ಮೈಮೇಲೆ ಕರಿ ಕೋಟು, ಕೊರಳಲ್ಲಿ ಬಿಳಿಯ ಪಟ್ಟಿ. ಕೋರ್ಟಿಗೆ ಸೂಟಿ ಇರುವ ದಿನ ಈ ವೇಷವೇಕೆ ಎಂದು ನನಗೆ ಅನುಮಾನವಾಯಿತು. ಮುಚ್ಚುಮರೆ ಯಾಕೆ, ನನಗೆ ವಕೀಲರ ಮೇಲೆ ಅಂಥ ಪ್ರೀತಿಯೇನೂ ಇರಲಿಲ್ಲ. ನಮ್ಮ ಮಾವನವರ ಹೊಲದ ಖಟ್ಲೆ ಅವರ ಮದುವೆಯ ವರ್ಷ ಸುರುವಾಗಿ ಮೊಮ್ಮಕ್ಕಳ ಜಾವಳದವರೆಗೂ ನಡೆದಿತ್ತು. ಕೋರ್ಟಿಗೆ ಹೋಗಿ ಗೆದ್ದವ ಸೋತ, ಸೋತವ ಸತ್ತ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಬಂದವರು ಅಂದಾನಪ್ಪ ಮೆಣಸಿನಕಾಯಿ ವಕೀಲರು. ನಮ್ಮ ತಾಲೂಕಿನಲ್ಲಿ ಅವರ ಹೆಸರು ಕೇಳದವರಿಲ್ಲ. ಮನೆತನದ ಹೆಸರಿಗೆ ತಕ್ಕ ಖಾರ ಅವರ ನಾಲಗೆಯಲ್ಲಿತ್ತು. ಅವರು ಪಾಟೀಸವಾಲಿಗೆ ಎದ್ದು ನಿಂತರೆಂದರೆ ಸಾಕ್ಷಿ ಹೇಳುವವರಿಗೆ ನೀರಡಿಕೆಯಾಗುತ್ತಿತ್ತಂತೆ. ಬಂದವರೇ ಅಜ್ಜನವರನ್ನೇ ಮಠದ ಆಳೆಂದು ತಿಳಿದು, ಅಜ್ಜಾರು ಎಲ್ಲಿ ಎಂದು ಕೇಳಿದರು. ಇಲ್ಲೇ ಅದಾನ ಎಂಬ ಉತ್ತರ ಬಂತು. ಇಲ್ಲೇ ಅಂದರೆ ಎಲ್ಲಿ, ಒಳಗೋ ಹೊರಗೋ, ನೀವು ಕಣ್ಣಾರೆ ನೋಡೀರೋ ಇಲ್ಲಾ ಯಾರೋ ಹೇಳಿದ್ದು ಕೇಳಿ ಹೇಳ್ತೀರೋ, ಹೌದು ಇಲ್ಲ ಅಷ್ಟೇ ಹೇಳ್ರಿ ಎಂದು ಇವರು ಅಲ್ಲೇ ಪಾಟೀಸವಾಲು ಸುರುಮಾಡಿದರು. ಪೂಜ್ಯರು ಅದನ್ನು ಸವಿಯುತ್ತ ಕೂತಿದ್ದರು. ನನಗೆ ತಡೆಯಲಾಗಲಿಲ್ಲ. ಇವರೇ ಅಜ್ಜಾರು, ಕೈ ಮುಗೀರಿ ಎಂದುಬಿಟ್ಟೆ.

ವಕೀಲರು ಗಾಬರಿಯಿಂದ ಕಟ್ಟೆಗೆ ಹಣೆ ಹಚ್ಚಿದರು. ಎದ್ದವರು ಕೋಟು ಬಿಚ್ಚಿ, ಕೊರಳಪಟ್ಟಿ ತೆಗೆದು, ಎರಡನ್ನೂ ಅಜ್ಜನವರ ಪಾದದ ಹತ್ತಿರ ಇಟ್ಟರು. ಇದನ್ನು ಬಿಟ್ಟುಕೊಡುವುದಕ್ಕೇ ಬಂದೆ, ಮನೆ ಬಿಟ್ಟೆ, ವಕೀಲಿಯನ್ನೂ ಬಿಟ್ಟೆ, ನನಗೊಂದು ಕಾವಿ ವಸ್ತ್ರ ದಯಪಾಲಿಸಬೇಕು, ಮಠದ ಮೂಲೆಯಲ್ಲಿ ಬಿದ್ದುಕೊಳ್ಳುತ್ತೇನೆ ಎಂದರು. ಆಡಂಬರದ ಮಾತಾಗಿರಲಿಲ್ಲ ಅದು. ಕಣ್ಣ ಸುತ್ತ ಕಪ್ಪು ಕಟ್ಟಿತ್ತು. ನನ್ನ ಸಿಟ್ಟೆಲ್ಲ ಅಲ್ಲಿಗೇ ಅರ್ಧ ಇಳಿಯಿತು.

ಅಜ್ಜನವರು ಒಂದು ತಂಬಿಗೆ ನೀರು ಕೊಡಿಸಿ, ಹೇಳ್ರಿ ಎಂದು ಮತ್ತೆ ಲಿಂಬಿಗೆ ಕೈ ಹಾಕಿದರು. ವಕೀಲರು ಹೇಳತೊಡಗಿದರು. ನಿದ್ದೆ ಬಿಟ್ಟುಹೋಗಿದೆ. ಕಣ್ಣು ಮುಚ್ಚಿದರೆ ಅಂದು ಕೋರ್ಟಿನಲ್ಲಿ ಕೇಳಲು ಮರೆತ ಪ್ರಶ್ನೆ ನೆನಪಿಗೆ ಬಂದು ಎಬ್ಬಿಸಿ ಕೂಡಿಸುತ್ತದೆ. ಊಟಕ್ಕೆ ರುಚಿ ಇಲ್ಲ. ಮನೆಯಾಕೆ ನೀಲಗಂಗಾ ಸಾರಿಗೆ ಉಪ್ಪು ಹಾಕೀನ್ರೀ ಎಂದರೆ, ಯಾವಾಗ ಹಾಕಿದೆ, ಯಾರು ನೋಡ್ಯಾರ ಎಂದು ಬಾಯಿ ತಾನೇ ಕೇಳಿಬಿಡುತ್ತದೆ. ಮಗಳು ಶೈಲಾಗೆ ಹಾಲು ಕುಡಿದಿಯೇನವ್ವಾ ಎಂದರೆ ಆ ಕೂಸು ಕೈ ಕಟ್ಟಿ ನಿಂತು, "ನೆನಪಿಲ್ರಿ," ಎನ್ನುತ್ತದೆ. ಕೋರ್ಟಿನಲ್ಲಿ ತಪ್ಪಿಸಿಕೊಳ್ಳಬೇಕೆಂದಿರುವ ಸಾಕ್ಷಿ ಹೇಳುವ ಮಾತದು. ನನಗೆ ನಗು ಒತ್ತರಿಸಿ ಬಂತು, ಭರಣಿಯ ಕಡೆ ಮುಖ ತಿರುಗಿಸಿಕೊಂಡೆ.

ಇದೆಲ್ಲಕ್ಕೂ ಕೊನೆಯ ಪೆಟ್ಟು ಕಾಶವ್ವನ ಖಟ್ಲೆ. ಕಾಶವ್ವ ಗಂಡ ಮಕ್ಕಳಿಲ್ಲದ ಮುದುಕಿ. ಇರುವ ಒಂದು ಮನೆಯ ಮೇಲೆ ಮೈದುನನ ಮಗ ಹಕ್ಕು ಕೇಳಿ ಗೆದ್ದಿದ್ದ. ಮುದುಕಿಯ ಪರ ವಾದ ಮಾಡಿ ಸೋತವರು ಇವರು. ತಮ್ಮದೇ ಏನೋ ಕಡಿಮೆ ಬಿತ್ತೆಂದು ಇವರ ಎದೆಯಲ್ಲಿ ಮುಳ್ಳು. ತೀರ್ಪಿನ ದಿನ ಅವಳು ಇವರ ಕೈ ಹಿಡಿದು, ಮ್ಯಾಲಿನ ಕೋರ್ಟಿಗೆ ಹಾಕ್ರಿ ಸಾಹೇಬ್ರ ಎಂದಿದ್ದಳು. ಅಪೀಲಿಗೆ ಕೊಟ್ಟ ಗಡುವು ಈ ವಾರ ತೀರುತ್ತದೆ. ಆದರೆ ಆ ಕಾಗದದ ಕಟ್ಟು ಬಿಚ್ಚಲು ಇವರಿಗೆ ಕೈ ಬರುತ್ತಿಲ್ಲ. ನಾಳೆ ಅದನ್ನು ವಾಪಸು ಕೊಟ್ಟು ಕಳಿಸುವುದೆಂದು ನಿಶ್ಚಯಿಸಿದ್ದರು. ಬೇರೆ ವಕೀಲರನ್ನು ಅವಳು ಹುಡುಕುವುದರೊಳಗೆ ಗಡುವು ಮುಗಿದು ಮನೆ ಹೋಗುತ್ತದೆಂದು ಅವರಿಗೂ ಗೊತ್ತಿತ್ತು, ಅದನ್ನು ಹೇಳುವಾಗ ತಲೆ ತಗ್ಗಿಸಿದರು.

ಆ ಖಟ್ಲೆಯಲ್ಲಿ ಎದುರು ನಿಂತವರು ಖತೀಬ ವಕೀಲರು, ಇವರ ಹಳೆಯ ಗೆಳೆಯರು. ನಮ್ಮ ತಾಲೂಕಿನ ವಕೀಲರಲ್ಲಿ ಒಂದು ಪದ್ಧತಿ ಇದೆ. ಒಳಗೆ ಎಷ್ಟೇ ಕಚ್ಚಾಡಲಿ, ತೀರ್ಪಾದ ಮೇಲೆ ಇಬ್ಬರೂ ಹೊರಗೆ ಚಹಾದ ಅಂಗಡಿಗೆ ಬಂದು ಒಂದೇ ಚಹಾ ಹೇಳುತ್ತಾರೆ. ಗೆದ್ದವರು ಬಸಿಯಲ್ಲಿ ಸುರಿದುಕೊಂಡು ಕುಡಿಯಬೇಕು, ಕಪ್ಪು ಸೋತವರಿಗೆ. ಸೋತವರ ಮರ್ಯಾದೆ ಇರಲೆಂದು ಯಾರೋ ಹಿರಿಯರು ಹಾಕಿಕೊಟ್ಟದ್ದಂತೆ. ಅಂದು ಖತೀಬರು ಬಸಿ ಹಿಡಿದು ಕಾದರು. ಇವರು ಕಪ್ಪು ಮುಟ್ಟದೆ ಗಾಡಿ ಹತ್ತಿ ಬಂದರು. ಅಂದಿನಿಂದ ಇಬ್ಬರಿಗೂ ಮಾತಿಲ್ಲ.

ಇಷ್ಟು ಹೇಳಿ ವಕೀಲರು ಸನ್ಯಾಸದ ಅರ್ಜಿಗೆ ಬಂದರು. ಬಂದದ್ದೇ ತಡ, ಬೆನ್ನು ನೆಟ್ಟಗಾಯಿತು, ದನಿ ಏರಿತು. ವೈರಾಗ್ಯ ಬಂದ ದಿನವೇ ಹೊರಡಬೇಕೆಂಬ ಶಾಸ್ತ್ರವಚನ, ಹೆಂಡತಿ ಮಕ್ಕಳನ್ನು ಬಿಟ್ಟು ಹೋದ ಮಹಾತ್ಮರ ಉದಾಹರಣೆ, ಸಂಸಾರ ಸುಳ್ಳೆಂಬುದಕ್ಕೆ ತಮ್ಮದೇ ಅನುಭವದ ಸಾಕ್ಷಿ, ಒಂದರ ಮೇಲೊಂದು ಅಡಕಲು ಗಡಿಗೆಯ ಹಾಗೆ ಪೇರಿಸಿದರು. ಅಬ್ಬಾ, ಎಂಥ ವಾದ ಅದು! ಇನ್ನು ಸ್ವಲ್ಪ ಹೊತ್ತು ಬಿಟ್ಟಿದ್ದರೆ ನಾನೂ ಉಪ್ಪಿನಕಾಯಿ ಬಿಟ್ಟು ಸನ್ಯಾಸ ತೊಗೊಳ್ಳುತ್ತಿದ್ದೆ.

ಅಜ್ಜನವರು ಕೊನೆಯವರೆಗೂ ಕೇಳಿ, ಈಳಿಗೆಯ ಮೇಲಿನ ಕೈ ನಿಲ್ಲಿಸಿದರು.

"ಭಾಳ ಚಲೋ ಮಾತಾಡಿದ್ರಿ. ಎದುರಿನವರ ಪರ ಯಾರು ಬಂದಾರ?"

ವಕೀಲರಿಗೆ ಅರ್ಥವಾಗಲಿಲ್ಲ. ಎದುರಿನವರು ಯಾರೂ ಇಲ್ಲವೆಂದರು. ಅಜ್ಜನವರು, ನೀವು ಬಿಡತೀನಿ ಅಂದವರೇ ಎದುರಿನವರಲ್ಲೇನು, ಅವರಿಗೆ ತಿಳಿಸಿ ಬಂದೀರೇನು ಎಂದು ವಿಚಾರಿಸಿದರು. ಇಲ್ಲವಂತೆ. ಕಕ್ಷಿದಾರನೊಬ್ಬನ ಊರಿಗೆ ಹೊರಟಿದ್ದೇನೆಂದು ಹೆಂಡತಿಗೆ ಹೇಳಿ ಬಂದಿದ್ದರಂತೆ.

"ಎದುರಿನವರನ್ನ ಕರೀದ, ಒಂದ ಕಡೆ ಮಾತು ಕೇಳಿ ಹುಕುಂ ಕೊಟ್ರ ನಿಮ್ಮ ಕೋರ್ಟಿನ್ಯಾಗ ನಡೀತದೇನ್ರಿ?"

ಅದನ್ನು ಕೇಳಿ ವಕೀಲರ ಮುಖದ ಬಣ್ಣವೇ ಬದಲಾಯಿತು. ಆಮೇಲೆ ನನಗೆ ತಿಳಿದದ್ದು, ಎದುರಿನವರಿಗೆ ಗೊತ್ತಿಲ್ಲದ ಹಾಗೆ ತಂದ ಹುಕುಮುಗಳನ್ನು ಒಡೆದು ಹಾಕುವುದರಲ್ಲೇ ಈ ಮಹಾಶಯರು ಜಿಲ್ಲೆಗೆಲ್ಲ ಹೆಸರಾದವರು. ಒಂದೇ ಕಡೆಯ ಮಾತು ಕೇಳಿದ್ದು ನ್ಯಾಯವೇ ಅಲ್ಲ ಎಂದು ಎಷ್ಟು ಸಲ ಮೇಜು ಗುದ್ದಿದ್ದರೋ ಏನೋ. ತಮ್ಮ ಇಡೀ ಬಾಳಿನ ಖಟ್ಲೆಯನ್ನು ಮಾತ್ರ ಹಾಗೇ ಕದ್ದು ತಂದಿದ್ದರು.

ನಡೆಯುವುದಿಲ್ರಿ ಎಂದು ಮೆಲ್ಲಗೆ ಒಪ್ಪಿಕೊಂಡರು.

"ಹಂಗಾರ ಅವರ ವಕಾಲತ್ತು ನೀವ ತಗೋರಿ. ಕೋಟು ಹಾಕ್ಕೋರಿ. ಕೋಟಿಲ್ಲದ ವಾದ ಮಾಡಬಾರದಲ್ಲ."

ವಕೀಲರು ಇದೇನು ಚೇಷ್ಟೆಯೋ ಎಂಬಂತೆ ಪೂಜ್ಯರ ಮುಖ ನೋಡಿದರು. ಅಲ್ಲಿ ಚೇಷ್ಟೆ ಇರಲಿಲ್ಲ. ಕೋಟು ತೊಟ್ಟುಕೊಂಡರು. ಅಲ್ಲಿಯತನಕ ಮರದ ಬಲಗಡೆ ನಿಂತು ವಾದಿಸಿದ್ದವರು ಸುತ್ತು ಹಾಕಿ ಎಡಗಡೆಗೆ ಬಂದು ನಿಂತರು. ನಿಲ್ಲಿರಿ ಎಂದು ಯಾರೂ ಹೇಳಿರಲಿಲ್ಲ, ರೂಢಿಬಲ ಅದು.

ಮೊದಮೊದಲು ಮಾತು ತಡವರಿಸಿತು. ಆಮೇಲೆ ನೋಡಿರಿ, ಕಸುಬುದಾರರಲ್ಲವೇ, ಎದುರಿನ ವಾದದಲ್ಲಿ ತೂತು ಕಂಡದ್ದೇ ತಡ ಕಣ್ಣಲ್ಲಿ ಬೆಳಕು ಬಂತು. ಬಲಗಡೆಯ ಖಾಲಿ ಜಾಗಕ್ಕೆ ಬೆರಳು ತೋರಿಸಿ, ಎದುರು ವಕೀಲರು ಸತ್ಯ ಮುಚ್ಚಿಟ್ಟು ಅರ್ಜಿ ತಂದಿದ್ದಾರೆ, ಹೆಂಡತಿಗೆ ಸುಳ್ಳು ಹೇಳಿ ಬಂದವರಿಗೆ ವೈರಾಗ್ಯದ ಮಾತು ಒಪ್ಪುವುದಿಲ್ಲ ಎಂದು ಸುರುಮಾಡಿದರು. ಮನೆಯಲ್ಲಿ ಶಾಂತಿಯಿಲ್ಲವೆನ್ನುತ್ತಾರೆ. ಆ ಮನೆಗೆ ಜಗಳ ತಂದವರು ಯಾರು? ನೀಲಗಂಗಾ ಕೋರ್ಟಿನ ಮೆಟ್ಟಿಲು ಹತ್ತಿದವಳಲ್ಲ, ಆದರೂ ತಾಲೂಕಿನ ವಾದಿ ಪ್ರತಿವಾದಿಗಳೆಲ್ಲ ದಿನಾ ಅವಳ ಊಟದ ತಾಟಿನ ಸುತ್ತ ಕೂತಿರುತ್ತಾರೆ. ಎಂಟು ವರ್ಷದ ಮಗಳು ಅಪ್ಪನ ಮುಂದೆ ಸಾಕ್ಷಿ ಹೇಳುವುದನ್ನು ಕಲಿತಿದ್ದಾಳೆ, ಇದು ಯಾರ ಪುಣ್ಯ? ಹೀಗೆ ತಮ್ಮನ್ನೇ ತಾವು ಕುಟ್ಟಿ ಕುಟ್ಟಿ ಹಾಕಿದರು. ಅಡುಗೆಮನೆಯಲ್ಲಿದ್ದ ಹೆಣ್ಣುಮಕ್ಕಳೆಲ್ಲ ರೊಟ್ಟಿ ಬಿಟ್ಟು ಬಾಗಿಲಿಗೆ ಬಂದು ನಿಂತರು. ನಮಗೆಲ್ಲ ಹಬ್ಬವೋ ಹಬ್ಬ.

ಮದುವೆಯಾದ ಹೊಸದರಲ್ಲಿ, ಎಂದು ಹೇಳುವಾಗ ದನಿ ಸ್ವಲ್ಪ ತಗ್ಗಿತು. ಹೊಸದರಲ್ಲಿ ಇದೇ ಎದುರು ವಕೀಲರು ಸಂಜೆ ಮನೆಗೆ ಬಂದು, ಅಂದಿನ ಜಡ್ಜು ಹೇಗೆ ಕೆಮ್ಮಿದರು, ಸಾಕ್ಷಿ ಹೇಗೆ ತೊದಲಿದ ಎಂದು ಮಾಡಿ ತೋರಿಸುತ್ತಿದ್ದರು. ನೀಲಗಂಗಾ ಬಾಯಿಗೆ ಸೆರಗು ಒತ್ತಿ ಬಿದ್ದು ಬಿದ್ದು ನಗುತ್ತಿದ್ದಳು. ಈಗಲೂ ಸಂಜೆ ಅವಳು ಬಾಗಿಲಲ್ಲಿ ನಿಂತು, ಇವತ್ತ ಏನಾತ್ರೀ ಎಂದು ಕೇಳುತ್ತಾಳೆ. ಅವಳು ಕೇಳುವುದು ತೀರ್ಪನ್ನಲ್ಲ. ಆ ಕಥೆಯನ್ನು.

ಇಲ್ಲಿಗೆ ಬಂದವರು ಪಾಟೀಸವಾಲಿನ ಆವೇಶದಲ್ಲಿ ಗಟ್ಟಿಯಾಗಿ ಕೇಳಿದರು: "ನಿಮ್ಮ ಹೆಂಡತಿಯನ್ನ ನೀವು ಕಡೇ ಸಲ ನಗಿಸಿದ್ದು ಯಾವಾಗ?"

ಪ್ರಶ್ನೆ ಹಾಕಿದವರು ಉತ್ತರಕ್ಕೆಂದು ಮರ ಸುತ್ತಿ ಬಲಗಡೆಗೆ ಬಂದರು. ನಿಂತರು. ಕಟ್ಟೆಯ ಕಲ್ಲು ಹಿಡಿದುಕೊಂಡು, "ನೆನಪಿಲ್ಲ," ಎಂದರು.

ತಮ್ಮ ಬಾಯಿಂದ ಬಂದ ಮಾತು ತಮ್ಮ ಮಗಳದೆಂದು ಅವರಿಗೇ ಕೇಳಿಸಿರಬೇಕು. ಅಲ್ಲೇ ಕುಕ್ಕರಿಸಿ, ಕೋಟಿನ ತೋಳಿಗೆ ಮುಖ ಒತ್ತಿಕೊಂಡು ಅತ್ತರು. ಅಜ್ಜನವರು ಇಳಿದು ಬಂದು, ಲಿಂಬಿಯ ರಸದ ಕೈಯನ್ನು ವಸ್ತ್ರಕ್ಕೆ ಒರೆಸಿಕೊಂಡು, ಅವರ ತಲೆಯ ಮೇಲೆ ಇಟ್ಟರು.

ಅಳು ನಿಂತ ಮೇಲೆ ವಕೀಲರು ತಾವೇ ಮೆಲ್ಲಗೆ, ಕಾಶವ್ವ ಒಬ್ಬಳು ಉಳಿದಳು ಎಂದರು. ಅವಳಿಗೆ ಮುಖ ತೋರಿಸುವುದು ಹೇಗೆ, ಮೇಲಿನ ಕೋರ್ಟಿನಲ್ಲಿಯೂ ಸೋತರೆ ಆ ಪಾಪ ಹೊತ್ತು ಬದುಕುವುದು ಹೇಗೆ ಎಂದು ಕೇಳಿದರು. ಆಗ ಪೂಜ್ಯರು ಆಡಿದ ಮಾತನ್ನು ನಾನು ಒಂದಕ್ಷರ ಬಿಡದೆ ಬರೆಯುತ್ತಿದ್ದೇನೆ.

"ತಮ್ಮಾ, ಆ ಮುದುಕಿ ನಿನ್ನ ಹತ್ರ ಮನಿ ಕೇಳಿಲ್ಲ. ತನ್ನ ಪರವಾಗಿ ಮಾತಾಡು ಅಂದಾಳ. ಮನಿ ಕೊಡೂದು ನಿನ್ನ ಕೈಯಾಗ ಇಲ್ಲ, ಮಾತಾಡೂದು ಐತಿ. ಅಷ್ಟು ಮನಸ್ಸಿಟ್ಟು ಮಾಡು. ಉಳಿದದ್ದು ಹೊತ್ತುಕೊಂಡು ಮನಿಗೆ ಹೋಗಬ್ಯಾಡ."

ಕಾವಿಯ ಮಾತೇ ಮತ್ತೆ ಬರಲಿಲ್ಲ. ಕೋಟನ್ನು ಏನು ಮಾಡಲಿ ಎಂದದ್ದಕ್ಕೆ, ತಲಬಾಗಿಲ ಹೊರಗೆ ಒಂದು ಗೂಟ ಹೊಡೆಯಿರಿ, ಸಂಜೆ ಅದಕ್ಕೆ ನೇತುಹಾಕಿ ಒಳಗೆ ಹೋಗಿರಿ, ಕಳ್ಳರು ಅದನ್ನು ಮುಟ್ಟುವುದಿಲ್ಲ, ವಕೀಲರ ಕೋಟಿಗೆ ಅವರೂ ಅಂಜುತ್ತಾರೆ ಎಂದು ನಕ್ಕರು. ಖತೀಬರ ವಿಷಯ ವಕೀಲರು ಎತ್ತುವ ಮೊದಲೇ, "ಆ ಕಪ್ಪು ಕುಡೀಬೇಕು," ಎಂದರು. ಅಷ್ಟೇ ಅಪ್ಪಣೆ.

ಆಮೇಲೆ ಅವರಿಗೂ ಒಂದು ಈಳಿಗೆ ಕೊಟ್ಟರು. ಮೆಣಸಿನಕಾಯಿಯವರು ಲಿಂಬಿ ಹೆಚ್ಚಿದ ಚಂದ ಏನು ಹೇಳಲಿ! ಒಂದು ಹೋಳು ಹೆಬ್ಬೆಟ್ಟಿನಷ್ಟು, ಇನ್ನೊಂದು ಅಂಗೈಯಷ್ಟು. ಬೆರಳಿನ ಗೀರಿಗೆ ರಸ ತಾಗಿ ಹಾ ಎಂದು ಕೈ ಝಾಡಿಸಿ, ತಮ್ಮ ಅವಸ್ಥೆಗೆ ತಾವೇ ನಕ್ಕರು. ನಾನು ಬಿಡುವವಳೇ? ಸಾಕ್ಷಿದಾರರಿಗೂ ಹಿಂಗ ಉರೀತದ್ರಿ ಎಂದೆ. ತಲೆಯಲ್ಲಾಡಿಸಿ ಒಪ್ಪಿದರು. ಹಾಗೇ ಕಟ್ಟೆಗೆ ಒರಗಿದವರಿಗೆ ಯಾವಾಗ ನಿದ್ದೆ ಹತ್ತಿತೋ, ಗೊರಕೆ ಬಾವಿಯವರೆಗೂ ಕೇಳುತ್ತಿತ್ತು. ಮಠದ ಆಡು ಬಂದು ಅವರ ಬಿಳಿಯ ಕೊರಳಪಟ್ಟಿಯನ್ನು ನೆಮ್ಮದಿಯಿಂದ ಮೇಯತೊಡಗಿತು. ನಾನು ಓಡಿಸಲು ಎದ್ದರೆ ಅಜ್ಜನವರು ತುಟಿಯ ಮೇಲೆ ಬೆರಳಿಟ್ಟರು. ಪಟ್ಟಿ ಮತ್ತೊಂದು ಸಿಗತದ, ಇಂಥಾ ನಿದ್ದಿ ಸಿಗೂದಿಲ್ಲ ಎಂದು ಪಿಸುಗುಟ್ಟಿದರು.

ಸಂಜೆ ತಣ್ಣಗಾದ ಮೇಲೆ ವಕೀಲರು ಎದ್ದು, ನನ್ನ ಹಿಂದಿನ ವರ್ಷದ ಉಪ್ಪಿನಕಾಯಿಯ ಸಣ್ಣ ಭರಣಿಯೊಂದನ್ನು ಪ್ರಸಾದವಾಗಿ ಕಟ್ಟಿಸಿಕೊಂಡು ಮನೆಗೆ ಹೋದರು.

ಮುಂದಿನ ಕಥೆ ನನಗೆ ಖುದ್ದು ಖತೀಬರೇ ಹೇಳಿದ್ದು. ಆ ವಾರ ಒಂದು ಮುಂಜಾನೆ ಅವರು ಚಹಾದ ಅಂಗಡಿಯಲ್ಲಿ ಕೂತಿದ್ದಾಗ ಮೆಣಸಿನಕಾಯಿಯವರು ಬಂದು ಎದುರಿಗೆ ಕೂತರಂತೆ. ಒಂದೇ ಚಹಾ ಹೇಳಿದರಂತೆ. "ಅವತ್ತಿನ ನನ್ನ ಕಪ್ಪು ಬಾಕಿ ಐತಿ ಖತೀಬ ಸಾಹೇಬ್ರ. ಕೊಡ್ರಿ." ಖತೀಬರು ಅವಸರದಿಂದ ಬಸಿಗೆ ಸುರಿದುಕೊಳ್ಳುವಾಗ ಚಹಾ ಅರ್ಧ ಮೇಜಿನ ಮೇಲೆ ಚೆಲ್ಲಿತು. ಇವರು ಕಪ್ಪನ್ನು ಕೊನೆಯ ಗುಟುಕಿನವರೆಗೂ ಕುಡಿದು, ಬಾಯಿ ಒರೆಸಿಕೊಂಡು, ಕಾಶವ್ವನ ಅಪೀಲು ನಿನ್ನೆ ಹಾಕೀನ್ರೀ, ಮುಂದಿನ ಸಲ ಈ ಕಪ್ಪು ನಿಮಗ ಎಂದರಂತೆ. ಇದನ್ನು ಹೇಳುವಾಗ ಆ ಹಿರಿಯರು ನಗುತ್ತ ನಗುತ್ತ ಕಣ್ಣು ಒರೆಸಿಕೊಂಡರು. ಕಾಶವ್ವನ ಗತಿ ಏನಾಯಿತೆಂದು ನೀವು ಕೇಳಿಯೇ ಕೇಳುತ್ತೀರಿ. ಅದು ಮೇಲಿನ ಕೋರ್ಟಿನಲ್ಲಿ ರಾಜಿಯಾಗಿ ಪಡಸಾಲೆ, ಅಡುಗೆಮನೆ ಅವಳ ಪಾಲಿಗೆ ಬಂದವು. ಗೆದ್ದವರಾರು ಸೋತವರಾರು ತಿಳಿಯದೆ, ಕಪ್ಪು ನಿಮ್ಮದು ನಿಮ್ಮದು ಎಂದು ಇಬ್ಬರೂ ವಾದಕ್ಕಿಳಿದು ಆ ದಿನದ ಚಹಾ ಆರಿಹೋಯಿತಂತೆ.

ಆದರೆ ಅದು ಎಷ್ಟೋ ಕಾಲದ ಮೇಲಿನ ಮಾತು. ನಾನು ಹೇಳಬೇಕಾದ್ದು ಮರು ಆದಿತ್ಯವಾರದ್ದು. ಅಂದು ಮಧ್ಯಾಹ್ನ ಅದೇ ಮೋಟಾರ್ ಸೈಕಲ್ಲು ಬಂತು. ವಕೀಲರ ಮೈಮೇಲೆ ಬರೀ ಬಿಳಿ ಅಂಗಿ. ಹಿಂದೆ ನೀಲಗಂಗಮ್ಮನವರು, ನಡುವೆ ಶೈಲಾ. ಮೂವರೂ ಪೂಜ್ಯರ ಪಾದಕ್ಕೆ ಹಣೆ ಹಚ್ಚಿದರು. ಅಪೀಲು ಹಾಕಿದಿರೇನು ಎಂದು ಅಜ್ಜನವರು ಕೇಳಲಿಲ್ಲ. ಚಹಾ ಬಿಸಿ ಇತ್ತೇನು ಎಂದಷ್ಟೇ ವಿಚಾರಿಸಿದರು. ಇತ್ತೆಂದು ವಕೀಲರು ಕೈಮುಗಿದರು.

ಪೂಜ್ಯರು ಒಂದು ಲಿಂಬಿಯನ್ನು ಎರಡು ಹೋಳು ಮಾಡಿ ಬುಟ್ಟಿಗೆ ಹಾಕಿ, ತಲೆಯೆತ್ತದೆ ಕೇಳಿದರು: "ಹೋದ ಸಲ ಒಂದು ಪ್ರಶ್ನೆಗೆ ಉತ್ತರ ಬರಲಿಲ್ಲ. ಮನಿಯಾಕಿ ಕಡೇ ಸಲ ನಕ್ಕಿದ್ದು ಯಾವಾಗ?"

"ನೆನಪೈತ್ರಿ ಅಜ್ಜಾರ," ಎಂದರು ಮೆಣಸಿನಕಾಯಿ ವಕೀಲರು. "ಈಗ ಬರೂವಾಗ, ಗಾಡಿ ಮ್ಯಾಲೆ."

ನೀಲಗಂಗಮ್ಮನವರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಶೈಲಾ ಅಪ್ಪನ ಕೈ ಜಗ್ಗಿ, ಜಡ್ಜು ಕೆಮ್ಮೂದು ಅಜ್ಜಾರಿಗೂ ಮಾಡಿ ತೋರಿಸು ಎಂದಳು. ಮಾಡಿ ತೋರಿಸಿದರು. ಶಾಂತಮಲ್ಲ ಅಜ್ಜನವರು ಈಳಿಗೆ ಬದಿಗಿಟ್ಟು, ಹೊಟ್ಟೆ ಹಿಡಿದುಕೊಂಡು ನಕ್ಕ ಆ ನಗುವನ್ನು ಕಂಡ ಕಣ್ಣು ನನ್ನವು. ಉಪ್ಪು ಹಾಕುವುದನ್ನೇ ಮರೆತೆ. ಆ ವರ್ಷದ ಉಪ್ಪಿನಕಾಯಿ ಸಪ್ಪೆಯೆಂದು ಯಾರಾದರೂ ಅಂದರೆ, ಕಾರಣ ಇದು.